ಮೂರು ಬುಟ್ಟಿ ಮಾತು

“ಏಯ್ ಮುದುಕಿ, ಎದ್ದೇಳೇ! ಅಳತೆ ಟೇಪಿನ ಮೇಲೆ ಕುಂಡಿ ಊರ್ಕೊಂಡು ಕೂತಿದ್ದೀಯಲ್ಲೇ, ಕಣ್ಣು ಕಾಣಲ್ವಾ?”

ಪಿನ್ನಜ್ಜಿ ಏಳಲಿಲ್ಲ. ಅವಳ ಮಡಿಲಲ್ಲಿ ಆಫೀಸು ಕಾಗದದ ರಾಶಿ ಇತ್ತು. ಒಂದೊಂದೇ ಎತ್ತುತ್ತಿದ್ದಳು, ಮೂಲೆಯ ಪಿನ್ನನ್ನು ಉಗುರಿನಿಂದ ಎಬ್ಬಿಸುತ್ತಿದ್ದಳು. ಪಿನ್ನು ಡಬ್ಬಿಗೆ, ಬಿಳಿ ಹಾಳೆ ಬಲಕ್ಕೆ, ಕಂದು ರಟ್ಟು ಎಡಕ್ಕೆ. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಅವಳ ನಿಜವಾದ ಹೆಸರು ಕಸ ಬೇರೆ ಮಾಡುವ ನಮ್ಮ ಶೆಡ್ಡಿನಲ್ಲಿ ಯಾರಿಗೂ ನೆನಪಿಲ್ಲ.

“ಇನ್ನು ನಾಕೇ ನಾಕು ಕಾಗದ ಸಾರ್. ಎದ್ದೆ ಅಂತಾನೇ ತಿಳ್ಕೊಳ್ಳಿ.”

“ತಿಳ್ಕೊಳ್ಳೋಕೆ ನಾನೇನು ನಿನ್ನ ಅಳಿಯನಾ?” ನಗರಸಭೆಯ ಆಫೀಸರ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕಿರುಚಿದ. ಕರವಸ್ತ್ರ ಅಡ್ಡ ಇದ್ದದ್ದರಿಂದ ಅವನ ಬೈಗುಳವೆಲ್ಲ ಗೊಣಗೊಣ ಅಂತ ಕೇಳಿಸುತ್ತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಅಮ್ಮ ಸೊಂಟಕ್ಕೆ ತಿವಿದಳು.

ಆಫೀಸರ್ ಟೇಪಿನ ತುದಿ ಹಿಡಿದು ಜಗ್ಗಿದ. ಅಜ್ಜಿ ಪಕ್ಕಕ್ಕೆ ವಾಲಿದಳು. ಬೆಳಗ್ಗೆಯಿಂದ ಬೇರೆ ಮಾಡಿಟ್ಟಿದ್ದ ಬಿಳಿ ಹಾಳೆಗಳು ಹಸಿ ಕಸದ ನೀರಿಗೆ ಹೋಗಿ ಬಿದ್ದವು. ಅವನು ಅವುಗಳ ಮೇಲೆಯೇ ಬೂಟಿಟ್ಟು ಆಚೆ ಗೋಡೆಗೆ ನಡೆದ.

“ಹದಿನಾಲ್ಕು ಮೀಟರ್,” ಅಂದ ತನ್ನ ಜೊತೆ ಬಂದವನಿಗೆ. “ಮಷೀನು ಆರಾಮಾಗಿ ಕೂರುತ್ತೆ.”

“ಯಾವ ಮಷೀನು ಸಾರ್?” ಅಮ್ಮ ಕೇಳಿದಳು.

“ನಿಮ್ಮಂಥೋರು ಮುಟ್ಟದೇ ಇದ್ರೆ ಚೆನ್ನಾಗಿ ಓಡೋ, ಕಸ ಬೇರೆ ಮಾಡೋ ಮಷೀನು.”

ಅವನು ಹೋದ ಮೇಲೆ ಅಜ್ಜಿ ಒದ್ದೆ ಹಾಳೆಗಳನ್ನು ಒಂದೊಂದಾಗಿ ಹಗ್ಗದ ಮೇಲೆ ಒಣಹಾಕಿದಳು. ಹಾಕುತ್ತಾ ಅವನ ವಂಶದ ಏಳು ತಲೆಮಾರನ್ನೂ ಸಾಲಾಗಿ ನೆನೆಸಿಕೊಂಡಳು. ಆರನೇ ತಲೆಮಾರಿಗೆ ಬರುವಷ್ಟರಲ್ಲಿ ಶೆಡ್ಡಿನ ಹತ್ತೊಂಬತ್ತು ಹೆಂಗಸರೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಮೂರು ದಿನ ಬಿಟ್ಟು ನಗರಸಭೆಯಿಂದ ಬಂದ ಕಾಗದದ ಚೀಲವನ್ನು ಅಜ್ಜಿ ಸುರಿದಳು. ಸುರಿದವಳೇ ಕೈ ತಡೆದಳು.

“ಲೇ ಹುಡುಗಿ, ಬಾ ಇಲ್ಲಿ. ನೋಡು ಇದನ್ನ. ಪಿನ್ನಿಲ್ಲ, ಮಡಿಕೆ ಇಲ್ಲ, ಯಾವ ನನ್ಮಗನ ಟೀ ಕಲೆಯೂ ಇಲ್ಲ. ಇಷ್ಟೊಂದು ಹೊಸಾ ಕಾಗದ ಯಾಕೆ ಕಸಕ್ಕೆ ಬಂತು?”

ನನಗೆ ಕಾಲೇಜು ಮಧ್ಯಾಹ್ನದ ಮೇಲೆ, ಬೆಳಗ್ಗೆ ಅಮ್ಮನ ಜೊತೆ ಶೆಡ್ಡು. ಓದುವ ಕೆಲಸ ಏನೇ ಬಂದರೂ ನನ್ನ ತಲೆಗೇ. ಇನ್ನೂರು ಹಾಳೆಯಲ್ಲೂ ಒಂದೇ ವಿಷಯ ಅಚ್ಚಾಗಿತ್ತು. ಊರಿನ ಗೋಡೆಗಳಿಗೆಲ್ಲ ಅಂಟಿಸಬೇಕಾಗಿದ್ದ ಪ್ರಕಟಣೆ. ನಗರಸಭೆ ಹೊಸ ನಿಯಮ ತರುತ್ತಿದೆ. ಅದರ ನಾಲ್ಕನೇ ಕಲಂ: ಗುತ್ತಿಗೆದಾರರ ನೌಕರರ ಹೊರತು ಬೇರೆ ಯಾರೂ ಕಸ ಮುಟ್ಟತಕ್ಕದ್ದಲ್ಲ, ಮುಟ್ಟಿದರೆ ದಂಡ ಅಥವಾ ಜೈಲು. ಸಾರ್ವಜನಿಕರು ಅಭಿಪ್ರಾಯ ಹೇಳಬಹುದು, ಹದಿನೆಂಟನೇ ತಾರೀಖು ಬೆಳಗ್ಗೆ ಹತ್ತಕ್ಕೆ, ನಗರಸಭೆಯ ಹಾಲಿನಲ್ಲಿ. ನೋಂದಾಯಿತ ಸಂಸ್ಥೆಗಳಿಗೆ ಮಾತ್ರ ಅವಕಾಶ. ಹೇಳಿದ ಅಭಿಪ್ರಾಯವನ್ನೆಲ್ಲ ಸಭೆ ಮುಗಿಯುವ ಮೊದಲು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳತಕ್ಕದ್ದು.

“ಅಂದ್ರೆ ನಾವು ಕಸ ಮುಟ್ಟಿದ್ರೆ ಜೈಲು?” ಅಮ್ಮ ಕೇಳಿದಳು.

“ಹೂಂ.”

“ಊರಿನೋರು ರಸ್ತೆ ಮೇಲೆ ಎಸೆದ್ರೆ?”

“ಅದರ ಬಗ್ಗೆ ಏನೂ ಬರೆದಿಲ್ಲ.”

“ಗುತ್ತಿಗೆದಾರ ಯಾರು?”

ಅದಕ್ಕೆ ಕಾಗದ ಬೇಕಿರಲಿಲ್ಲ. ನಗರಸಭೆಯ ಅಧ್ಯಕ್ಷನ ಬಾಮೈದ. ಅಧ್ಯಕ್ಷನನ್ನು ನಾವು ‘ಮೂವತ್ತೆರಡು’ ಅಂತ ಕರೆಯುತ್ತೇವೆ. ಊರಿನ ಯಾವ ಪೋಸ್ಟರ್ ನೋಡಿದರೂ ಅಷ್ಟೂ ಹಲ್ಲು ಬಿಟ್ಟುಕೊಂಡು ನಿಂತಿರುತ್ತಾನೆ. ಮುಂದಿನ ತಿಂಗಳು ಚುನಾವಣೆ ಬೇರೆ.

“ಬೋಳಿಮಗ,” ಅಂದಳು ಅಜ್ಜಿ, ಸಮಾಧಾನವಾಗಿ. “ನೋಂದಾಯಿತ ಸಂಸ್ಥೆ ಅಂದ್ರೆ ಯಾವುದೇ?”

ಎಲ್ಲರೂ ಒಟ್ಟಿಗೆ ಪಕ್ಕದ ಕೋಣೆ ಕಡೆ ತಿರುಗಿದರು.

ಪಕ್ಕದ ಕೋಣೆ ನರ್ಸಕ್ಕನದು. ಆಸ್ಪತ್ರೆಯಿಂದ ನಿವೃತ್ತಿಯಾದ ಮೇಲೆ ಅವರು ನಮಗಾಗಿ ಒಂದು ಸೇವಾ ಸಂಸ್ಥೆ ತೆರೆದಿದ್ದರು. ಸಂಸ್ಥೆ ಅಂದರೆ ಒಂದು ಮಂಚ, ಒಂದು ಬೀರು, ಗಾಜು ಚುಚ್ಚಿದವರಿಗೆ ಇಂಜೆಕ್ಷನ್, ಮಕ್ಕಳಿಗೆ ಮೂರು ತೊಟ್ಟಿಲು. ಗೋಡೆಯ ಮೇಲೆ ಗಾಜು ಹಾಕಿಸಿದ ನೋಂದಣಿ ಪತ್ರ. ಹನ್ನೆರಡು ವರ್ಷದಲ್ಲಿ ನಮ್ಮಲ್ಲಿ ನರ್ಸಕ್ಕನ ಹತ್ತಿರ ಹೊಲಿಗೆ ಹಾಕಿಸಿಕೊಳ್ಳದ ಬೆರಳಿಲ್ಲ.

ಕಾಗದ ಓದಿದ ನರ್ಸಕ್ಕ ಅದನ್ನು ತಿರುಗಿ ನನ್ನ ಕೈಗೇ ತುರುಕಿದರು.

“ಬೇಡ ಕಣ್ರೇ. ನಾವು ಸೇವೆ ಮಾಡೋರು. ಕಾನೂನು ಗೀನೂನು ಅಂತ ಬಾಯಿ ಬಿಟ್ರೆ ರಿಜಿಸ್ಟ್ರೇಶನ್ನೇ ಹೋಗುತ್ತೆ. ಆಮೇಲೆ ತೊಟ್ಟಿಲೂ ಇಲ್ಲ, ಇಂಜೆಕ್ಷನ್ನೂ ಇಲ್ಲ.”

“ನಾವೇ ಇಲ್ಲದಿದ್ರೆ ಇಂಜೆಕ್ಷನ್ ಯಾರಿಗೆ ಚುಚ್ತೀರಿ ತಾಯಿ? ಮಷೀನಿಗಾ?” ಅಜ್ಜಿ ಕೇಳಿದಳು.

ನರ್ಸಕ್ಕ ಪಾಪ, ಜಗಳ ಬರದ ಹೆಂಗಸು. ಕೊನೆಗೆ, ಆಫೀಸರನ್ನೇ ಒಂದು ಮಾತು ಕೇಳಿಬಿಡೋಣ ಅಂದರು.

ಕೇಳಲು ಹೋದೆವು: ನರ್ಸಕ್ಕ, ಅಮ್ಮ, ಅಜ್ಜಿ, ನಾನು. ಆಫೀಸರ್ ನರ್ಸಕ್ಕನಿಗೆ ಮಾತ್ರ ಕುರ್ಚಿ ತೋರಿಸಿದ. ಮೇಜಿನ ಕೆಳಗಿಂದ ಸುಗಂಧದ ಸ್ಪ್ರೇ ತೆಗೆದು ನಮ್ಮ ಮೂವರ ಕಡೆಗೂ, ತಲೆಯಿಂದ ಕಾಲಿನವರೆಗೆ, ಸೊಳ್ಳೆಗೆ ಹೊಡೆಯುವ ಹಾಗೆ ಹೊಡೆದ. ಅಮ್ಮ ಕಣ್ಣು ಮುಚ್ಚಿಕೊಂಡಳು. ಅವಳ ಕೆನ್ನೆ ಕೆಂಪಾದದ್ದನ್ನು ನಾನು ನೋಡಿದೆ.

ಅಜ್ಜಿ ಮೂಗು ಅರಳಿಸಿದಳು. “ಆಹಾ, ಘಮ್ಮಂತಿದೆ ಸಾರ್. ಡಬ್ಬಿ ಖಾಲಿ ಆದ್ಮೇಲೆ ಇತ್ಲಾಗಿ ಕಳ್ಸಿ. ಮುಚ್ಚಳ ಬೇರೆ, ಡಬ್ಬಿ ಬೇರೆ ಮಾಡಿ ಕಳ್ಸಿದ್ರೆ ಪುಣ್ಯ ಬರುತ್ತೆ.”

“ನೋಡಿ ಸಿಸ್ಟರ್,” ಆಫೀಸರ್ ಅಜ್ಜಿ ಅಲ್ಲಿಲ್ಲವೇನೋ ಅನ್ನುವಂತೆ ಹೇಳಿದ. “ಸೇವಾ ಸಂಸ್ಥೆ ಅಂದ್ಮೇಲೆ ಹಾಲು ಹಂಚಿ, ಬ್ಯಾಂಡೇಜ್ ಕಟ್ಟಿ, ಫೋಟೋ ತೆಗೆಸ್ಕೊಳ್ಳಿ. ನಾನೂ ಬರ್ತೀನಿ ಫೋಟೋಗೆ. ನಿಯಮದ ವಿಷಯ ಎತ್ತಿದ್ರೆ ಅದು ರಾಜಕೀಯ ಆಗುತ್ತೆ. ನಿಮ್ಮ ನೋಂದಣಿ ಪತ್ರ ಮಡಚಿ ಬೀರುವಿನಲ್ಲಿಡಬೇಕಾಗುತ್ತೆ, ಅಷ್ಟೆ.”

“ಹಾಗಂತ ಎಲ್ಲಿ ಬರೆದಿದೆ ಸಾರ್?” ನಾನು ಕೇಳಿದೆ.

“ಏನಮ್ಮಾ, ಕಾಲೇಜಾ? ಕಸ ಆಯೋರ ಮನೇಲೂ ಕಾಲೇಜು ಶುರುವಾಯ್ತಾ?” ಅವನು ನಕ್ಕ.

ಹೊರಗೆ ಮೆಟ್ಟಿಲ ಮೇಲೆ ನರ್ಸಕ್ಕ ತಲೆಗೆ ಕೈಕೊಟ್ಟು ಕೂತುಬಿಟ್ಟರು. “ಹನ್ನೆರಡು ವರ್ಷ ಬ್ಯಾಂಡೇಜ್ ಕಟ್ಟಿದ್ದೀನಿ. ನನ್ನೆದುರಿಗೇ ನಿಮ್ಮ ಮೇಲೆ ಸ್ಪ್ರೇ ಹೊಡೆದ. ನಾನು ಕುರ್ಚಿ ಬಿಟ್ಟು ಏಳಲೂ ಇಲ್ಲ.”

“ಈಗ ಏಳಿ,” ಅಂದಳು ಅಮ್ಮ. “ನೋಂದಣಿ ಆಫೀಸು ಎದುರುಗಡೆ ರಸ್ತೇಲೇ ಇದೆ.”

ನೋಂದಣಿ ಆಫೀಸಿನ ಕಿಟಕಿಯೊಳಗೆ ಒಬ್ಬ ಗುಂಡಗಿನ ಮೇಡಂ ಬನ್ನು ತಿನ್ನುತ್ತಾ ಕೂತಿದ್ದರು. ನರ್ಸಕ್ಕ ತೊದಲುತ್ತಾ ಎಲ್ಲ ಹೇಳಿದರು. ಮೇಡಂ ಬನ್ನು ಕೆಳಗಿಡಲಿಲ್ಲ.

“ನಿಮ್ಮ ಸಂಸ್ಥೆ ಉದ್ದೇಶ ಏನಂತ ಬರೆಸಿದ್ದೀರಿ?”

“ಕಸ ಬೇರೆ ಮಾಡುವ ಕೆಲಸಗಾರರ ಆರೋಗ್ಯ ಮತ್ತು ಏಳಿಗೆ.”

“ಕೆಲಸಾನೇ ಹೋದ್ರೆ ಏಳಿಗೆ ಎಲ್ಲಿಂದ ಬರುತ್ತೆ? ಆ ನಿಯಮದ ಬಗ್ಗೆ ಮಾತಾಡೋದು ನಿಮ್ಮ ಉದ್ದೇಶದೊಳಗೇ ಬಂತಲ್ಲ. ಮಾತಾಡಿ. ಅರ್ಜಿ ಕೊಡಿ. ಕೌನ್ಸಿಲರ್ ಮನೆಗೂ ಹೋಗಿ ಹೇಳಿ, ಈ ಕಲಂ ತೆಗೀರಿ, ಆ ಕಲಂ ಸೇರಿಸಿ ಅಂತ. ಸೇವಾ ಸಂಸ್ಥೆ ಅಂದ್ರೆ ಬಾಯಿಗೆ ಬೀಗ ಅಂತ ಯಾರು ಹೇಳಿದ್ದು ನಿಮಗೆ?”

ನಾವು ನಾಲ್ವರೂ ಕಿಟಕಿಗೆ ಇನ್ನಷ್ಟು ಒತ್ತಿಕೊಂಡೆವು. ಮೇಡಂ ಬೆರಳೆತ್ತಿದರು.

“ಆದ್ರೆ ಒಂದು. ಇಂಥೋರಿಗೆ ಓಟು ಹಾಕಿ, ಇಂಥೋರನ್ನ ಸೋಲಿಸಿ ಅನ್ನೋ ಮಾತು ಸಂಸ್ಥೆ ಬಾಯಲ್ಲಿ ಒಂದೇ ಒಂದು ಸಲವೂ ಬರಬಾರದು. ಬಂದ್ರೆ ನೋಂದಣಿ ಹೋಯ್ತು, ನಾನೇ ಕ್ಯಾನ್ಸಲ್ ಮಾಡ್ತೀನಿ. ಇನ್ನೊಂದು, ಇದೇ ನಿಮ್ಮ ಕಾಯಕ ಆಗಬಾರದು. ಬ್ಯಾಂಡೇಜ್ ಬಿಟ್ಟು ದಿನಾ ಭಾಷಣಕ್ಕೆ ಹೋಗ್ಬೇಡಿ. ಎಷ್ಟು ಹೊತ್ತು ಇದಕ್ಕೆ ಕೊಟ್ರಿ ಅಂತ ಬರೆದಿಡಿ. ಯಾರು ಮಾತಾಡ್ತಾರೆ ಅನ್ನೋದನ್ನ ಸಭೆ ಮಾಡಿ ನಿರ್ಣಯ ಮಾಡಿ. ಅಷ್ಟೇ.”

“ಇದನ್ನ ಬರೆದು ಕೊಡ್ತೀರಾ ಮೇಡಂ?” ಅಂದೆ.

ಬರೆದರು, ಠಸ್ಸೆ ಹೊಡೆದರು. ನರ್ಸಕ್ಕನ ಕಣ್ಣಲ್ಲಿ ನೀರು. “ಹನ್ನೆರಡು ವರ್ಷ ಸುಮ್ಮನೇ ಹೆದರಿಕೊಂಡೇ ಇದ್ದೆನಲ್ಲ ಮೇಡಂ.”

“ಕೇಳಿದ್ರೆ ಅವತ್ತೇ ಹೇಳ್ತಿದ್ದೆ. ಈ ಕಿಟಕಿ ಇಲ್ಲೇ ಇತ್ತು,” ಅಂತ ಮೇಡಂ ಉಳಿದ ಬನ್ನು ಬಾಯಿಗೆ ಹಾಕಿಕೊಂಡರು.

ಮಾತಾಡುವುದು ಯಾರು? ಶೆಡ್ಡಿನಲ್ಲಿ ಸಭೆ ಸೇರಿತು. ನರ್ಸಕ್ಕನಿಗೆ ಮೈಕು ಕಂಡರೆ ಕೈ ನಡುಗುತ್ತದೆ. ಅಮ್ಮನಿಗೆ ಆಫೀಸರ್ ಕಂಡರೆ ಗಂಟಲು ಕಟ್ಟುತ್ತದೆ. ನಾನು ಅಂದರೆ, ‘ಕಾಲೇಜು ಹುಡುಗಿ ಹೇಳಿಕೊಟ್ಟಿದ್ದು’ ಅಂದುಬಿಡುತ್ತಾರೆ.

“ನಾನು ಹೋಗ್ತೀನಿ,” ಅಂದಳು ಪಿನ್ನಜ್ಜಿ.

“ಅಜ್ಜೀ,” ಅಮ್ಮ ಮೆಲ್ಲಗೆ ಅಂದಳು, “ನಿನ್ನ ಬಾಯಿ...”

“ನನ್ನ ಬಾಯಿಗೇನಾಗಿದೆಯೇ ಮುಂಡೇದೇ?”

“ಅದೇ ಆಗಿರೋದು.”

ಅಜ್ಜಿಗೆ ಉಪಾಯ ಹೊಳೆದದ್ದು ಆಗಲೇ. “ಕಸ ಬೇರೆ ಮಾಡೋಕೆ ಬರೋದಾದ್ರೆ ಮಾತು ಬೇರೆ ಮಾಡೋಕೆ ಬರಲ್ವೇನ್ರೇ? ತಗೊಂಡು ಬನ್ನಿ ಮೂರು ಬುಟ್ಟಿ.”

ಕೆಂಪು ಬುಟ್ಟಿ ಓಟಿನ ಮಾತಿಗೆ. ಕಪ್ಪು ಬುಟ್ಟಿ ಬೈಗುಳಕ್ಕೆ. ನೀಲಿ ಬುಟ್ಟಿ ಕಾನೂನಿನ ಮಾತಿಗೆ. ಅಜ್ಜಿ ಒಂದೊಂದು ವಾಕ್ಯ ಹೇಳುವುದು, ಅದು ಯಾವ ಬುಟ್ಟಿಯದು ಅಂತ ಎಲ್ಲರೂ ಕೂಗುವುದು, ನಾನು ಆ ಬುಟ್ಟಿಗೆ ಒಂದು ಬಾಟಲಿ ಮುಚ್ಚಳ ಎಸೆಯುವುದು.

“ಆ ಮೂವತ್ತೆರಡನ್ನ ಈ ಸಲ ಮನೆಗೆ ಕಳಿಸಬೇಕು.”

“ಕೆಂಪು!”

“ಅವನ ಬಾಮೈದ ಹಲ್ಕಾ ನನ್ಮಗ.”

“ಕಪ್ಪು!”

“ಅವನ ಬಾಮೈದ ಹಲ್ಕಾ ನನ್ಮಗ, ಅದಕ್ಕೇ ಅವನಿಗೆ ಓಟು ಹಾಕ್ಬೇಡಿ.”

“ಎರಡೂ!” ಹತ್ತೊಂಬತ್ತು ಜನ ಕೂಗಿ ಬಿದ್ದು ಬಿದ್ದು ನಕ್ಕರು. ನರ್ಸಕ್ಕ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು.

ಮೊದಲನೇ ಸಂಜೆ ನೀಲಿ ಬುಟ್ಟಿಗೆ ಬಿದ್ದದ್ದು ಒಂದೇ ಮುಚ್ಚಳ. ಅದೂ ಅಜ್ಜಿ “ನಾಲ್ಕನೇ ಕಲಂ” ಅಂದು ಕೆಮ್ಮಿದ್ದಕ್ಕೆ. ಅಜ್ಜಿಗೆ ಅವಮಾನ ಆಯಿತು. ಎರಡನೇ ದಿನ ಪಿನ್ನು ಕೀಳುತ್ತಾ ಕೀಳುತ್ತಾ ಮಣಮಣ ಅಂದುಕೊಳ್ಳುತ್ತಿದ್ದಳು. ಐದನೇ ಸಂಜೆ ನೀಲಿ ಬುಟ್ಟಿಯಲ್ಲಿ ಹದಿನೇಳು, ಕಪ್ಪಿನಲ್ಲಿ ಮೂರು, ಕೆಂಪಿನಲ್ಲಿ ಸೊನ್ನೆ. ಹತ್ತೊಂಬತ್ತು ಹೆಬ್ಬೆಟ್ಟು ಒತ್ತಿ ನಿರ್ಣಯ ಮಾಡಿದೆವು: ಸಂಸ್ಥೆಯ ಪರವಾಗಿ ಮಾತಾಡುವವಳು ಪಿನ್ನಜ್ಜಿ. ಎಷ್ಟು ಹೊತ್ತು ಹಿಡಿಯಿತು ಅಂತ ನರ್ಸಕ್ಕ ಪುಸ್ತಕದಲ್ಲಿ ಬರೆದಿಟ್ಟರು.

ಹದಿನೆಂಟನೇ ತಾರೀಖು ಬಂತು. ಬೆಳಗ್ಗೆ ಒಂಬತ್ತೂವರೆಗೆ ನರ್ಸಕ್ಕ ಬಂದು, “ಠಸ್ಸೆ ಹೊಡೆದ ಪತ್ರ ಎಲ್ಲಿ? ಈ ಮೇಜಿನ ಮೇಲೇ ಇಟ್ಟಿದ್ದೆ,” ಅಂದರು.

ಅಜ್ಜಿ ತನ್ನ ಕೈಯನ್ನೇ ನೋಡಿಕೊಂಡಳು.

“ಎರಡು ಹಾಳೆ, ಮೂಲೇಲಿ ಪಿನ್ನು?”

“ಹೂಂ.”

“ಅಯ್ಯೋ ನನ್ನ ಕೈಗಿಷ್ಟು ಬೆಂಕಿ ಹಾಕ! ಪಿನ್ನು ಕಂಡಿತು, ಕಿತ್ತೆ. ಬಿಳಿ ಹಾಳೆ, ಬಲಕ್ಕೆ ಹಾಕಿದೆ. ಬಲದ್ದೆಲ್ಲ ಪ್ರೆಸ್ಸಿಗೆ ಹೋಯ್ತು.”

ಪ್ರೆಸ್ಸಿನಲ್ಲಿ ಒತ್ತಿ ತಂತಿ ಬಿಗಿದ ಬಂಡಲ್ ಅಷ್ಟರಲ್ಲಿ ಲಾರಿ ಹತ್ತಿತ್ತು. ಲಾರಿ ಗೇಟು ದಾಟುತ್ತಿತ್ತು. ಇಬ್ಬರು ಮುಂದೆ ಹೋಗಿ ಅಡ್ಡ ಮಲಗಿದರು, ನಾಲ್ವರು ಹಿಂದಿನಿಂದ ಹತ್ತಿದರು. ಬಂಡಲ್ ಸಿಕ್ಕಿತು. ಆದರೆ ಹತ್ತಕ್ಕೆ ಸರಿಯಾಗಿ ಬಾಗಿಲಲ್ಲಿ ಹೆಸರು ಬರೆಸದಿದ್ದರೆ ಅವಕಾಶ ಇಲ್ಲ, ಬಿಚ್ಚಿ ಹುಡುಕುತ್ತಾ ಕೂರಲು ಹೊತ್ತಿಲ್ಲ.

“ಹಾಗೇ ತಳ್ಳುಗಾಡಿಗೆ ಹಾಕ್ರೇ!” ಅಂದಳು ಅಮ್ಮ. ಅವಳ ಗಂಟಲು ಎಲ್ಲಿ ಬಿಟ್ಟುಕೊಂಡಿತೋ ಕಾಣೆ, ಇಡೀ ರಸ್ತೆಗೆ ಕೇಳಿಸಿತು.

ಹತ್ತಕ್ಕೆ ಮೂರು ನಿಮಿಷ ಇದ್ದಾಗ ನಗರಸಭೆಯ ಬಾಗಿಲಲ್ಲಿ ಕಾವಲಿನವನು ಕೈ ಅಡ್ಡ ಹಿಡಿದ. “ಏನಿದು?”

“ನಮ್ಮ ಫೈಲು,” ಅಂದಳು ಅಜ್ಜಿ.

“ಇಷ್ಟು ದೊಡ್ಡದಾ?”

“ವಿಷಯ ದೊಡ್ಡದಪ್ಪ.”

ಹಾಲಿನಲ್ಲಿ ಕೆಂಪು ಜಮಖಾನೆ, ಎತ್ತರದ ಮೇಜಿನ ಹಿಂದೆ ಮೂವತ್ತೆರಡು, ಪಕ್ಕದಲ್ಲಿ ಆಫೀಸರ್, ಮೂಲೆಯಲ್ಲಿ ನಡಾವಳಿ ಬರೆಯುವ ಗುಮಾಸ್ತ. ಅಭಿಪ್ರಾಯ ಹೇಳಲು ಬಂದವರು ನಾವು ಮಾತ್ರ. ಬೇರೆ ಯಾರಿಗೂ ಸುದ್ದಿಯೇ ಇರಲಿಲ್ಲವಲ್ಲ. ಆಫೀಸರ್ ನಮ್ಮನ್ನು ನೋಡಿದ್ದೇ ಕರವಸ್ತ್ರ ತೆಗೆದ.

“ಸಿಸ್ಟರ್, ಹೇಳಿದ್ದೆ ನಿಮಗೆ. ಸೇವಾ ಸಂಸ್ಥೆಗೆ ಇಲ್ಲಿ ಬಾಯಿ ಬಿಡೋ ಹಕ್ಕಿಲ್ಲ. ಇದೆ ಅನ್ನೋದಕ್ಕೆ ಏನಾದ್ರೂ ಕಾಗದ ಇದೆಯಾ?”

“ಇದೆ,” ಅಂದರು ನರ್ಸಕ್ಕ. ಬಂಡಲ್ ಕಡೆ ಬೆರಳು ತೋರಿಸಿದರು. “ಅದರೊಳಗಿದೆ.”

ಅಜ್ಜಿ ಇಕ್ಕಳದಿಂದ ತಂತಿ ಕತ್ತರಿಸಿದಳು. ಬಂಡಲ್ ಭಗ್ಗನೆ ಬಿಚ್ಚಿಕೊಂಡು ಜಮಖಾನೆಯ ತುಂಬಾ ಕಾಗದ ಹರಡಿತು. ಆಫೀಸರ್ ಎದ್ದು ನಿಂತು “ಏಯ್, ಏಯ್” ಅನ್ನುವಷ್ಟರಲ್ಲಿ ಹತ್ತೊಂಬತ್ತು ಜನ ಸುತ್ತ ಕೂತಾಗಿತ್ತು. ಕೈಗಳು ಓಡುತ್ತಿದ್ದವು. ನಾನು ಫೋನಿನಲ್ಲಿ ಗಡಿಯಾರ ಹಾಕಿದೆ. ಗಲಾಟೆ ಕೇಳಿ ಪಕ್ಕದ ಕೋಣೆಗಳ ಗುಮಾಸ್ತರೆಲ್ಲ ಬಾಗಿಲಿಗೆ ಬಂದು ನಿಂತರು. ನಡುವೆ ಆ ಇನ್ನೂರು ಪ್ರಕಟಣೆಗಳೂ ಹೊರಬಂದವು. ಅಮ್ಮ ಅವನ್ನು ಅಂದವಾಗಿ ಜೋಡಿಸಿ ಅಧ್ಯಕ್ಷನ ಮೇಜಿನ ಮೇಲಿಟ್ಟಳು. “ಗೋಡೆಗೆ ಅಂಟಿಸೋದು ಮರೆತಿದ್ರಿ ಅನ್ಸುತ್ತೆ ಸಾರ್.”

ಹನ್ನೊಂದು ನಿಮಿಷ, ಇಪ್ಪತ್ತು ಸೆಕೆಂಡ್. ಅಜ್ಜಿ ಠಸ್ಸೆಯ ಹಾಳೆ ಮೇಲೆತ್ತಿ ಹಿಡಿದಳು. ಬಾಗಿಲಲ್ಲಿದ್ದ ಯಾರೋ ಚಪ್ಪಾಳೆ ತಟ್ಟಿ, ತಕ್ಷಣ ಕೈ ಜೇಬಿಗಿಟ್ಟುಕೊಂಡರು.

ಆಫೀಸರ್ ಓದಿದ, ಅಧ್ಯಕ್ಷನ ಕಿವಿಯಲ್ಲಿ ಏನೋ ಹೇಳಿದ. ಮೂವತ್ತೆರಡು ತನ್ನ ಪೋಸ್ಟರಿನ ಹಾಗೇ ನಕ್ಕ.

“ಆಯ್ತಜ್ಜಿ, ಮಾತಾಡಿ. ಅದಕ್ಕೂ ಮೊದಲು ಒಂದು ಪ್ರಶ್ನೆ. ಮುಂದಿನ ತಿಂಗಳು ಚುನಾವಣೆ. ನಾನು ಗೆದ್ರೆ ನಿಮಗೆ ಒಳ್ಳೇದಾ, ಸೋತ್ರೆ ಒಳ್ಳೇದಾ? ಮನಸ್ಸು ಬಿಚ್ಚಿ ಹೇಳಿ, ನಿಮ್ಮ ಮಗ ಅಂದ್ಕೊಳ್ಳಿ ನನ್ನ.”

ಆಫೀಸರ್ ಪೆನ್ನಿನ ಮುಚ್ಚಳ ತೆಗೆದು ಕಾದ. ನರ್ಸಕ್ಕ ನನ್ನ ಕೈ ಹಿಡಿದರು. ಅಜ್ಜಿಯ ಬಾಯಿ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು. ಆ ಬಾಯಿಯ ಹಿಂದೆ ಏನೇನು ಸಾಲುಗಟ್ಟಿ ನಿಂತಿದೆ ಅಂತ ನಮಗೆಲ್ಲ ಗೊತ್ತು.

“ಅದು ಕೆಂಪು ಬುಟ್ಟಿ ಸಾರ್,” ಅಂದಳು.

“ಏನು?”

“ಆ ಮಾತು ನನ್ನ ಹತ್ರ ಇದೆ. ಬೇಕಾದಷ್ಟಿದೆ. ಅದು ಈ ಮುದುಕಿದು, ಮನೇಲಿಟ್ಟು ಬಂದಿದ್ದೀನಿ. ಇವತ್ತು ಸಂಸ್ಥೆ ಬಾಯಾಗಿ ಬಂದಿದ್ದೀನಿ. ಸಂಸ್ಥೆಗೆ ಓಟೇ ಇಲ್ಲ. ನೀವು ಗೆದ್ರೆ ನೀವು ನಾಲ್ಕನೇ ಕಲಂ ತೆಗೀಬೇಕು. ಸೋತ್ರೆ ಆ ಕುರ್ಚಿಗೆ ಬರೋರು ತೆಗೀಬೇಕು. ಯಾರು ಕೂತ್ರೂ ನಾವು ಮತ್ತೆ ಬರ್ತೀವಿ, ಇದೇ ಮಾತು ಹೇಳ್ತೀವಿ.”

ಆಮೇಲೆ ಒಂದೇ ಉಸಿರಿಗೆ ಉಳಿದದ್ದನ್ನೂ ಹೇಳಿದಳು: ಕಸ ಮುಟ್ಟುವುದು ಅಪರಾಧ ಆಗಬಾರದು. ಕಸ ಬೇರೆ ಮಾಡುವ ಪ್ರತಿಯೊಬ್ಬಳಿಗೂ ನಗರಸಭೆಯೇ ಗುರುತಿನ ಚೀಟಿ ಕೊಡಬೇಕು. ಮಷೀನು ಬರುವುದಾದರೆ ಬರಲಿ, ಅದನ್ನು ನಡೆಸುವುದನ್ನು ನಮಗೆ ಕಲಿಸಬೇಕು. ಶೆಡ್ಡು ಶೆಡ್ಡಾಗಿಯೇ ಇರಬೇಕು. ಒಂದೂ ಬೈಗುಳ ಇಲ್ಲ. ಅಮ್ಮ ಬೆರಗಾಗಿ ನೋಡುತ್ತಿದ್ದಳು.

ಮೂವತ್ತೆರಡರ ನಗು ಹಲ್ಲಿನಲ್ಲಿ ಹಾಗೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ. “ಸರಿ ಸರಿ, ನೋಟ್ ಮಾಡ್ಕೊಂಡಿದ್ದೀವಿ. ಸಭೆ ಮುಗೀತು. ಟೀ ಹೊತ್ತಾಯ್ತು.”

“ಎಲ್ಲಿ ನೋಟ್ ಮಾಡ್ಕೊಂಡ್ರಿ? ತೋರಿಸಿ,” ಅಂದಳು ಅಜ್ಜಿ. “ಲೇ ಹುಡುಗಿ, ಓದು.”

ಗುಮಾಸ್ತ ಪುಸ್ತಕದ ಮೇಲೆ ಮೊಣಕೈ ಇಡಲು ನೋಡಿದ. ನಾನು ಅಷ್ಟರಲ್ಲಿ ಓದಿಬಿಟ್ಟಿದ್ದೆ: “ಸೇವಾ ಸಂಸ್ಥೆಯೊಂದರ ಮಹಿಳೆಯರು ಕಸ ಹರಡಿ ಸಭೆಗೆ ಅಡ್ಡಿಪಡಿಸಿದರು.”

ಅಜ್ಜಿ ನಿಧಾನವಾಗಿ ಹೋಗಿ, ಆಫೀಸರ್ ಪಕ್ಕದ ಖಾಲಿ ಕುರ್ಚಿಯನ್ನು ಕೊರಕೊರ ಎಳೆದುಕೊಂಡು ಬಂದು, ಗುಮಾಸ್ತನ ಮಗ್ಗುಲಿಗೆ ಹಾಕಿ ಕೂತಳು. ಉಳಿದವರು ಬಾಗಿಲ ಕಡೆ ಸರಿದು, ಹರಡಿದ್ದ ಕಾಗದವನ್ನು ಅಲ್ಲಿಯೇ ಕೂತು ಬೇರೆ ಮಾಡತೊಡಗಿದರು. ಕುರ್ಚಿಯಿಂದ ಅರ್ಧ ಎದ್ದಿದ್ದ ಮೂವತ್ತೆರಡು ದಾರಿ ಕಾಣದೆ ಮತ್ತೆ ಕೂತ.

“ಹೇಳಿದ್ದನ್ನೆಲ್ಲ ಸಭೆ ಮುಗಿಯೋ ಮೊದಲು ಬರ್ಕೊಳ್ಳತಕ್ಕದ್ದು ಅಂತ ನಿಮ್ಮ ಕಾಗದದಲ್ಲೇ ಇದೆ,” ಅಂದಳು ಅಜ್ಜಿ. “ಅದನ್ನ ಹೊಡೆದು ಹಾಕಪ್ಪ. ಹೊಡೆದ್ಯಾ? ಈಗ ಬರಿ. ನಾಲ್ಕನೇ ಕಲಂ.”

ಗುಮಾಸ್ತ ಅಧ್ಯಕ್ಷನನ್ನು ನೋಡಿದ. ಅಧ್ಯಕ್ಷ ಆಫೀಸರನ್ನು ನೋಡಿದ. ಆಫೀಸರ್ ಕರವಸ್ತ್ರ ನೋಡಿಕೊಂಡ. ಗುಮಾಸ್ತ ಬರೆದ.

“ಓದು.”

“ನಾಲ್ಕನೇ ಕಲಂ.”

“ಕೈ ಬಿಡಬೇಕು ಅಂತ ಸೇರ್ಸು. ನಿಧಾನಕ್ಕೆ ಬರಿ ಮಗನೇ, ಅಕ್ಷರ ದುಂಡಗಿರ್ಲಿ. ನನಗೆ ಓದೋಕೆ ಬರಲ್ಲ. ಆದ್ರೆ ಹಾಳೆ ತುಂಬಿದೆಯೋ ಖಾಲಿ ಇದೆಯೋ ಗೊತ್ತಾಗುತ್ತೆ. ಇಪ್ಪತ್ತಾರು ವರ್ಷ ಅದನ್ನೇ ನೋಡಿರೋಳು ನಾನು.”

ಹೊರಗೆ ಟೀ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಪಿನ್ನಜ್ಜಿ ತೋರುಬೆರಳನ್ನು ಹಾಳೆಯ ಮಧ್ಯಕ್ಕೆ, ಬರವಣಿಗೆ ನಿಂತ ಜಾಗಕ್ಕೆ ಊರಿದಳು.

“ಇನ್ನೂ ಅರ್ಧ ಖಾಲಿ ಇದೆ. ಹೂಂ, ಮುಂದಕ್ಕೆ ಬರಿ.”